ಪೊದೆಯ ಹಿಂದೆ ಕೂತಾಗ ಕಂಡ ತಪಕೂಲೊ

ಮೂರು ಭಾನುವಾರ ತಪಕೂಲೊ ಹಕ್ಕಿಯ ಕೂಗು ಮಾತ್ರ ಕೇಳಿ ವಾಪಸ್ ಬಂದಿದ್ದೆ. ಹಕ್ಕಿ ಒಮ್ಮೆಯೂ ಕಂಡಿರಲಿಲ್ಲ.

ಕೆಲಸದ ಮೇಲೆ ಚಿಲಿಯ ಸ್ಯಾಂಟಿಯಾಗೊಗೆ ಬಂದವನು ನಾನು. ರಜೆ ಸಿಕ್ಕರೆ ಲಾ ಕಂಪಾನಾ ರಾಷ್ಟ್ರೀಯ ಉದ್ಯಾನದ ಒಕೋವಾ ಕಡೆಗೆ ಹೋಗುತ್ತೇನೆ. ಚಿಲಿಯ ತಾಳೆ ಮರಗಳಿರುವ ಒಣ ಕಣಿವೆ ಅದು. ಕೆಳಗೆಲ್ಲ ನಮ್ಮ ಜಾಲಿಯಂಥ ಮುಳ್ಳುಗಿಡ, ಗಟ್ಟಿ ಎಲೆಯ ಕುರುಚಲು. ಬಿಳಿಗಂಟಲ ತಪಕೂಲೊ ಇಂಥ ಜಾಗದ ಹಕ್ಕಿ. ಚಿಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಗಾತ್ರ ಹೆಚ್ಚುಕಡಿಮೆ ಮಡಿವಾಳ ಹಕ್ಕಿಯಷ್ಟು. ಹಾರುವುದು ಕಡಿಮೆ, ಓಡುವುದೇ ಜಾಸ್ತಿ.

ನನ್ನ ತಪ್ಪು ಒಂದೇ. ಕೂಗು ಕೇಳಿದ ಕೂಡಲೇ ಅತ್ತ ನುಗ್ಗುತ್ತಿದ್ದೆ. ಹತ್ತಿರ ಹೋದರೆ ಸದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ ಆಚೆಯ ಪೊದೆಯಿಂದ ಕೂಗು! ಹಾಗೆ ನುಗ್ಗುವಾಗಲೇ ಒಮ್ಮೆ ಲಿತ್ರೆ ಮರದ ಕೊಂಬೆ ಕೈಗೆ ಉಜ್ಜಿತು. ಮೊಣಕೈವರೆಗೆ ಗುಳ್ಳೆ ಎದ್ದವು, ಕರಿಗೇರಿನ ಸೊನೆ ತಾಗಿದ ಹಾಗೆ. ಲಿತ್ರೆಯೂ ಗೇರು, ಮಾವಿನ ಕುಟುಂಬದ್ದೇ ಅಂತ ಆಮೇಲೆ ಗೊತ್ತಾಯಿತು. ಅಲ್ಲಿಗೆ ಹೋಗುವವರು ದಯವಿಟ್ಟು ತುಂಬುತೋಳಿನ ಅಂಗಿ ಹಾಕಿಕೊಳ್ಳಿ.

ಉಪಾಯ ಸಿಕ್ಕಿದ್ದು ಡಾರ್ವಿನ್ ಬರಹದಲ್ಲಿ. ಅವರು 1834ರ ಆಗಸ್ಟ್‌ನಲ್ಲಿ ಇದೇ ಲಾ ಕಂಪಾನಾ ಬೆಟ್ಟ ಹತ್ತಿದ್ದರು. ಈ ಹಕ್ಕಿಯ ಬಗ್ಗೆಯೂ ಬರೆದಿದ್ದಾರೆ: ಬಾಲವನ್ನು ತಲೆಯ ಕಡೆಗೇ ಬಗ್ಗಿಸಿಕೊಂಡು ಓಡಾಡುತ್ತದೆ, ಹೆದರಿದರೆ ಪೊದೆಯ ಬುಡದಲ್ಲಿ ಅಲುಗಾಡದೆ ಕೂರುತ್ತದೆ, ಆಮೇಲೆ ಮೆಲ್ಲಗೆ ಆಚೆ ಬದಿಯಿಂದ ಜಾರಿಕೊಳ್ಳುತ್ತದೆ. ಓದಿದಾಗ ಹೊಳೆಯಿತು. ನಾನು ಯಾವಾಗಲೂ ನಿಲ್ಲುತ್ತಿದ್ದುದು ಕಾಲುದಾರಿಯ ಬದಿಗೆ. ಅದು ಜಾರುತ್ತಿದ್ದುದು ಬೆಟ್ಟದ ಬದಿಗೆ, ಅಲ್ವಾ?

ನಾಲ್ಕನೇ ಭಾನುವಾರ ಬೆಟ್ಟದ ಬದಿಯ ಒಣ ಕೊರಕಲಲ್ಲಿ ಕೂತೆ. ಎದುರಿಗೆ ಎರಡು ಪೊದೆ, ನಡುವೆ ಮೂರು ಮಾರು ಬಯಲು. ಮೊಬೈಲಿನಲ್ಲಿ ಅದರದೇ ಕೂಗು ಹಾಕಿ ಕರೆಯಲಿಲ್ಲ. ಅದು ಸೆಪ್ಟೆಂಬರ್, ಅಲ್ಲಿ ವಸಂತ. ದಿಬ್ಬದ ಮಣ್ಣಿನಲ್ಲಿ ಬಿಲ ತೋಡಿ ಗೂಡು ಮಾಡುವ ಹಕ್ಕಿಯನ್ನು ಆ ಹೊತ್ತಿನಲ್ಲಿ ಸುಮ್ನೆ ಕೆಣಕುವುದು ನನಗೆ ಸರಿ ಕಾಣುವುದಿಲ್ಲ.

ಮುಕ್ಕಾಲು ಗಂಟೆ ಕೂಗು ಮಾತ್ರ, ಹಕ್ಕಿ ಕಾಣಲಿಲ್ಲ. ಆಮೇಲೆ ಕಾಲುದಾರಿಯಲ್ಲಿ ಯಾರೋ ಮಾತಾಡುತ್ತಾ ಬಂದರು. ಕೂಗು ಥಟ್ಟನೆ ನಿಂತಿತು. ನಾನು ಉಸಿರು ಬಿಗಿಹಿಡಿದೆ.

ಪೊದೆಯ ಬುಡದಿಂದ ಮೊದಲು ಬಿಳಿ ಹುಬ್ಬು ಕಂಡಿತು. ಆಮೇಲೆ ಬಿಳಿ ಗಂಟಲು, ಅಡ್ಡಗೆರೆಯ ಹೊಟ್ಟೆ, ನೆಟ್ಟಗೆ ನಿಂತ ಬಾಲ. ಬಯಲಿನ ನಡುವೆ ಒಂದು ಕ್ಷಣ ನಿಂತು ಒಣಗಿದ ಎಲೆ ಕೆದಕಿತು. ಬೈನಾಕ್ಯುಲರ್ ಎತ್ತಲು ಕೈ ಬರಲಿಲ್ಲ. ಎತ್ತಿದರೆ ಓಡಿಬಿಡುತ್ತಿತ್ತು. ಸರಸರನೆ ಓಡಿ ಆಚೆ ಪೊದೆ ಸೇರಿ, ಮತ್ತೆ ಕೂಗತೊಡಗಿತು, ಬಿಂದಿಗೆಗೆ ನೀರು ತುಂಬುವಾಗಿನ ಗುಳುಗುಳು ಸದ್ದಿನಂತೆ. ಬಿಸಿಲೇರುವವರೆಗೂ ಅಲ್ಲೇ ಕೂತು ಕೇಳಿದೆ.