ರಟ್ಟಿಗಂಟಿದ ಕುಕ್ ಚಿತ್ರ: ತೊಟ್ಟಿಗೆ ಇಳಿಸದೆ ಅಗರ್‌ನಿಂದ ಬಿಡಿಸಿದ ಕ್ರಮ

ತಾಮ್ರದ ತಗಡಿನಿಂದ ಅಚ್ಚಾದ ಹಳೇ ಚಿತ್ರವನ್ನು ನೀರಿಗಿಳಿಸದೆ, ಅಗರ್ ಅಂದರೆ ಕಡಲಪಾಚಿಯಿಂದ ತೆಗೆಯುವ ಚೈನಾ ಗ್ರಾಸಿನ ಜೆಲ್ಲಿ ಬಳಸಿ, ರಟ್ಟಿನಿಂದ ಬಿಡಿಸಬಹುದು ಅಂದರೆ ಕೆಲಸ ಬಲ್ಲವರೇ ನಂಬುತ್ತಿರಲಿಲ್ಲ. “ಚೈನಾ ಗ್ರಾಸ್ ತಾನೇ? ಪುಡಿಂಗ್ ಮಾಡ್ಕೊಂಡು ತಿನ್ನಿ” ಅಂದವರೂ ಇದ್ದಾರೆ. ಬಿಡಿಸಿದ ಹಾಳೆ ಈಗ ಒಂದು ಮಳೆಗಾಲ ದಾಟಿದೆ. ಬೂಷ್ಟು ಬಂದಿಲ್ಲ, ಹೊಸ ಕಲೆಯೂ ಎದ್ದಿಲ್ಲ.

ಚಿತ್ರ ‘ದಿ ಲ್ಯಾಂಡಿಂಗ್ ಅಟ್ ಮಿಡಲ್‌ಬರ್ಗ್’. 1773ರ ಅಕ್ಟೋಬರ್‌ನಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ ಪೆಸಿಫಿಕ್ ಸಾಗರದ ಟೋಂಗಾದ ಎವಾ ದ್ವೀಪದಲ್ಲಿ (ಮಿಡಲ್‌ಬರ್ಗ್ ಅಂದರೆ ಇದೇ) ಇಳಿದದ್ದನ್ನು ಅವನ ಹಡಗಿನ ಚಿತ್ರಕಾರ ವಿಲಿಯಂ ಹಾಡ್ಜಸ್ ಬರೆದ, ಜೆ.ಕೆ. ಶೆರ್ವಿನ್ ತಗಡಿನ ಮೇಲೆ ಕೊರೆದ, 1777ರ ಪ್ರವಾಸ ಗ್ರಂಥದಲ್ಲಿ ಅಚ್ಚಾಯಿತು. ಪುಸ್ತಕದೊಳಗೆ ಮಡಚಿ ಕೂರಿಸಿದ ಹಾಳೆಯಾದ್ದರಿಂದ ಮಡಿಕೆ ಸೀಳಿರುವುದು ಮಾಮೂಲು. ನನ್ನ ಕೈಗೆ ಬಂದದ್ದಕ್ಕೆ ಎರಡು ಬಗೆಯ ಅಂಟಿತ್ತು: ಹಿಂದೆ ಪೂರ್ತಿ ಚರ್ಮದಂಟಿನಿಂದ ಹುಲ್ಲುರಟ್ಟು, ಅಂಚಿಗೆ ಮೈಲುತುತ್ತ ಬೆರೆಸಿದ ಮೈದಾ ಅಂಟಿನ ಕಾಗದಪಟ್ಟಿ.

ಮೈಲುತುತ್ತ ಹುಳ ತಡೆಯುತ್ತದೆ, ನಿಜ. ಆದರೆ ಅದರೊಳಗಿನ ತಾಮ್ರವೇ ಕಾಗದವನ್ನು ಸುಡುತ್ತದೆ. ನೀರು ತಾಗಿದರೆ ತಾಮ್ರ ಒಳಕ್ಕೆ ಹರಿಯುತ್ತದೆ. ಹಾಗಾಗಿ ಮೊದಲು ಆ ಪಟ್ಟಿಯನ್ನು ಒಣಗಿದ್ದಂತೆಯೇ ಬ್ಲೇಡಿನಿಂದ ಕೆರೆದು ತೆಗೆಯಬೇಕು. ಅದು ಬಿಟ್ಟ ಕಂದು ಕಲೆ ಪೂರ್ತಿ ಹೋಗುವುದಿಲ್ಲ, ಹಟ ಹಿಡಿಯಬೇಡಿ.

ತೊಟ್ಟಿಯಲ್ಲಿ ಮುಳುಗಿಸುವ ಕ್ರಮ ಇಂಥ ಹಾಳೆಗೆ ಸೋಲುವುದು ಮೂರು ಕಡೆ. ರಟ್ಟು ಮತ್ತು ಹಾಳೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಮಡಿಕೆ ಬಾಯಿ ಬಿಡುತ್ತದೆ. ಅಚ್ಚೊತ್ತುವಾಗ ಪ್ಲೇಟಿನ, ಅಂದರೆ ತಾಮ್ರದ ತಗಡಿನ, ಅಂಚು ಒತ್ತಿದ ತಗ್ಗು ಚಪ್ಪಟೆಯಾಗುತ್ತದೆ. ಕೊಳ್ಳುವವರು ಮೊದಲು ಬೆರಳಾಡಿಸುವುದೇ ಅಲ್ಲಿ. ಮೂರನೆಯದಾಗಿ, ರಟ್ಟಿನ ಹಳದಿ ನೀರು ಇಡೀ ಹಾಳೆಗೆ ಹರಡುತ್ತದೆ. ಎಣ್ಣೆ ಶಾಯಿ ಮಾತ್ರ ಅಲ್ಲಾಡುವುದಿಲ್ಲ, ಅದರ ಚಿಂತೆ ಬೇಡ.

ರಟ್ಟನ್ನು ಪದರ ಪದರವಾಗಿ ಒಣಗಿದ್ದಾಗಲೇ ಸುಲಿಯಿರಿ, ಕೊನೆಯ ಪದರ ಉಳಿಯಲಿ. ಲೀಟರ್ ಡಿಅಯೋನೈಸ್ಡ್ (ಲವಣ ತೆಗೆದ) ನೀರಿಗೆ ಸುಮಾರು 40 ಗ್ರಾಂ ಅಗರ್ ಪುಡಿ ಹಾಕಿ, 90 ಡಿಗ್ರಿಗೆ ತಂದು, ಮಬ್ಬು ಹೋಗಿ ತಿಳಿಯಾಗುವವರೆಗೆ ಕಲಕಿ. ಟ್ರೇಗೆ 5 ಮಿಲಿಮೀಟರ್ ದಪ್ಪ ಸುರಿದರೆ 40 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಎಲ್ಲರೂ ಮರೆಯುವ ಸಂಗತಿ ಮುಂದಿದೆ: ಒಮ್ಮೆ ಗಟ್ಟಿಯಾದ ಅಗರ್ ಮತ್ತೆ ಕರಗಲು ಹೆಚ್ಚುಕಡಿಮೆ 85 ಡಿಗ್ರಿ ಬೇಕು. ಅಂದರೆ ಗಟ್ಟಿಯಾದ ಆ ಅಗರ್ ಹಲಗೆಯನ್ನು 45–50 ಡಿಗ್ರಿಯ ನೀರಿನಲ್ಲಿ ಬೆಚ್ಚಗೆ ಮಾಡಿಕೊಂಡೇ ಹಾಳೆಯ ಬೆನ್ನಿಗೆ ಇಡಬಹುದು. ಚರ್ಮದಂಟು ತಣ್ಣನೆಯ ಹಲಗೆಗೆ ಜಗ್ಗುವುದಿಲ್ಲ, ಬೆಚ್ಚಗಿದ್ದರೆ ಕಾಲು ಗಂಟೆಯಲ್ಲಿ ಲೋಳೆಯಾಗುತ್ತದೆ. ಅಗರ್ ಕೆಲಸಕ್ಕೆ ಬರಲ್ಲ ಅಂದವರೆಲ್ಲ ತಣ್ಣಗೇ ಇಟ್ಟು ನೋಡಿದವರು.

ಹಲಗೆಗೂ ಹಾಳೆಗೂ ನಡುವೆ ತೆಳು ಜಪಾನಿ ಟಿಶ್ಯೂ ಇರಲೇಬೇಕು, ಇಲ್ಲದಿದ್ದರೆ ಅಗರ್‌ನ ಅಂಶ ಕಾಗದದಲ್ಲಿ ಉಳಿಯುತ್ತದೆ. ಬೂಷ್ಟಿನ ದೂರು ಹುಟ್ಟುವುದು ಅಲ್ಲಿಂದಲೇ. ಲೋಳೆಯಾದ ಅಂಟನ್ನು ಮೊಂಡು ಚಮಚದಿಂದ ಎತ್ತಿ, ಹೊಸ ಹಲಗೆ ಇಡಿ. ನೀರಿನ ಗೆರೆಯ ಕಲೆಗೂ ಇದೇ ಹಲಗೆ, ಆದರೆ ಕಲೆಯ ಆಚೆಗೂ ಎರಡು ಬೆರಳು ಚಾಚಿರಬೇಕು. ಕಲೆಯ ಅಳತೆಗೇ ಕತ್ತರಿಸಿಟ್ಟರೆ ಅಂಚಿನಲ್ಲಿ ಹೊಸ ಗೆರೆ ಏಳುತ್ತದೆ, ಶೆರ್ವಿನ್‌ನ ಆಕಾಶದ ತೆಳು ಗೆರೆಗಳ ನಡುವೆ ಅದು ಎದ್ದು ಕಾಣುತ್ತದೆ. 2 ಪರ್ಸೆಂಟ್ ಅಗರ್ ಅಗತ್ಯಕ್ಕಿಂತ ಹೆಚ್ಚು ನೀರು ಬಿಡುತ್ತದೆ. 5 ದಾಟಿದರೆ ಒಣಕಲು. ಮೊದಲ ಹಲಗೆ ಚಹಾ ಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಒಂದು ಖುಷಿ. ಸೀಳಿದ ಮಡಿಕೆಯ ಮೇಲೆ ಹಲಗೆಯನ್ನು ಹೇಗೆ ಕೂರಿಸುವುದೆಂಬ ಒಂದು ಉಪಾಯವಿದೆ, ಅದು ನನ್ನ ಹೊಟ್ಟೆಪಾಡು, ಬರೆಯುವುದಿಲ್ಲ.

ಅಂಗಡಿಯ ಚೈನಾ ಗ್ರಾಸ್ ಎಳೆ ಬೇಡ, ಒಂದೊಂದು ಪೊಟ್ಟಣಕ್ಕೆ ಒಂದೊಂದು ಗಟ್ಟಿತನ. ಲ್ಯಾಬಿನ ಬ್ಯಾಕ್ಟೀರಿಯಾಲಜಿ ದರ್ಜೆಯ ಬರೀ ಅಗರ್ ಕೇಳಿ. ‘ನ್ಯೂಟ್ರಿಯೆಂಟ್ ಅಗರ್’ ಕೊಟ್ಟರೆ ವಾಪಸ್ ಕೊಡಿ, ಅದರಲ್ಲಿರುವ ಪೆಪ್ಟೋನ್ ಬೂಷ್ಟಿಗೆ ಹಬ್ಬದೂಟ. ಗ್ರಾಮಿಗೆ ಆರು ರೂಪಾಯಿ ಅಂತ ನೆನಪು. ಇಷ್ಟಗಲದ ಚಿತ್ರಕ್ಕೆ ಮೂರು ಹಲಗೆ, 90 ಗ್ರಾಂ. ಟಿಶ್ಯೂ, ನೀರು, ಬ್ಲಾಟಿಂಗ್ (ನೀರು ಹೀರುವ ಕಾಗದ) ಸೇರಿ ಸಾವಿರದೈನೂರರ ಹತ್ತಿರ, ಕೂಲಿ ಬೇರೆ. “ತೊಳೆಯೋದಕ್ಕೆ ಇಷ್ಟಾ?” ಅನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಅಗರ್‌ನಂತೆಯೇ ಜೆಲ್ಲಿಯಾಗುವ ಜೆಲಾನ್ ಗಮ್ಮನ್ನೂ ನೋಡಿದೆ. ಗಾಜಿನಷ್ಟು ತಿಳಿ, ಕೆಳಗಿನ ಗೆರೆ ಕಾಣುತ್ತದೆ. ಆದರೆ ಕ್ಯಾಲ್ಸಿಯಂ ಬೆರೆಸಬೇಕು, ದುಬಾರಿ. ಸುಣ್ಣದ ತಿಳಿನೀರಿನಲ್ಲಿಟ್ಟು ಬೆಳಗಿನ ಬಿಸಿಲಿಗೆ ಹಿಡಿಯುವ ಹಳೇ ಪದ್ಧತಿಯನ್ನು ಬಿಡಿಹಾಳೆಯ ಮೇಲೆ ಮಾಡಿದರೆ ಕೆಲವೇ ಗಂಟೆಗಳಲ್ಲಿ ಕಾಗದ ಹೊಚ್ಚಹೊಸದರಂತೆ ಬೆಳ್ಳಗಾಗುತ್ತದೆ. ಅದೇ ತೊಂದರೆ. 1777ರ ಕಾಗದ ಹಾಗಿರಬಾರದು. ಇನ್ನು ಬಣ್ಣ ಹಾಕಿದ ಪ್ರತಿ ಸಿಕ್ಕರೆ ಸುಣ್ಣದ ನೀರು ಹತ್ತಿರವೂ ಬೇಡ. ಈ ಚಿತ್ರಗಳು ಬಣ್ಣವಿಲ್ಲದೆಯೇ ಬಂದವು, ಬಣ್ಣ ಸಾಮಾನ್ಯವಾಗಿ ಆಮೇಲಿನದು. ಸಮುದ್ರಕ್ಕೆ ಬಳಿದದ್ದು ಪ್ರಷ್ಯನ್ ನೀಲಿಯಾದರೆ ಕ್ಷಾರಕ್ಕೆ ಕಂದಾಗುತ್ತದೆ.

ಮಡಿಕೆಯನ್ನು ಹಿಂದಿನಿಂದ ತೆಳು ಕೋಜೋ (ಜಪಾನಿ ನಾರುಕಾಗದ) ಪಟ್ಟಿಯಲ್ಲಿ ಹಿಡಿಸಿ. ಅಂಟಿಗೆ ಮೈದಾ ಬೇಡ, ಹಾಲುಬಾಯಿಗೆ ತೆಗೆಯುವ ಹಾಗೆ ಗೋಧಿಯನ್ನು ನೆನೆಸಿ, ರುಬ್ಬಿ, ಸೋಸಿ, ತಳಕ್ಕೆ ಕೂತ ಹಿಟ್ಟನ್ನೇ ಬೇಯಿಸಿ. ಅಳಿಸಿಹೋದ ಮುಖದ ಗೆರೆಗಳನ್ನು ಪೆನ್ನಿನಲ್ಲಿ ತಿದ್ದಿಕೊಡಿ ಅಂತ ಕೇಳುವವರಿದ್ದಾರೆ. ಟೋಂಗಾದವರಿಗೆ ಗ್ರೀಕ್ ಶಿಲ್ಪದ ಮುಖ, ನೆರಿಗೆಯ ಬಟ್ಟೆ ಕೊಟ್ಟಿದ್ದಾರೆಂದು ಕುಕ್‌ನ ಹಡಗಿನಲ್ಲೇ ಇದ್ದ ನಿಸರ್ಗವಿಜ್ಞಾನಿ ಗೇಯೋರ್ಗ್ ಫಾರ್ಸ್ಟರ್ 1777ರಲ್ಲೇ ಬೈದಿದ್ದ. ಅದರ ಮೇಲೆ ನನ್ನದೊಂದು ಕೈ ಬೇರೆ ಬೇಕಿಲ್ಲ. ಕಾಗದದ ಬಣ್ಣಕ್ಕೆ ಹೊಂದಿಸಿ ತೂತು ಮುಚ್ಚಿ ಬಿಡುತ್ತೇನೆ.

ಒಣಗಿಸುವಾಗ ಪ್ಲೇಟಿನ ತಗ್ಗಿನ ಮೇಲೆ ಭಾರ ಬೀಳದಂತೆ ಮೇಲೆ ದಪ್ಪ ಉಣ್ಣೆ ಫೆಲ್ಟ್, ಅದರ ಮೇಲೆ ಬ್ಲಾಟಿಂಗ್, ಆಮೇಲೆ ಹಗುರ ಮರದ ಹಲಗೆ. ಬ್ಲಾಟಿಂಗನ್ನು ಮೊದಲ ದಿನ ಗಂಟೆಗೊಮ್ಮೆ ಬದಲಿಸಿ, ಮಳೆಗಾಲದಲ್ಲಿ ವಾರ ಪೂರ್ತಿ ಬಿಡಿ. ಬಳಸಿದ ಅಗರ್ ಹಲಗೆ ಅವತ್ತೇ ಕಸಕ್ಕೆ.