ಪೈಟೆಸ್ಟ್: ಎಕ್ಸ್‌ಡಿಸ್ಟ್ ಹಾಕಿದರೆ ಮಾತ್ರ ಬರುತ್ತಿದ್ದ ಎರರ್

ಪೈಟೆಸ್ಟ್ ಅಂದರೆ ಪೈಥಾನ್ ಕೋಡಿನ ಟೆಸ್ಟ್ ಓಡಿಸುವ ಟೂಲ್; ಎಕ್ಸ್‌ಡಿಸ್ಟ್ ಆ ಟೆಸ್ಟ್‌ಗಳನ್ನು ಹಲವು ವರ್ಕರ್‌ಗಳಲ್ಲಿ ಒಟ್ಟಿಗೆ ಓಡಿಸುವ ಪ್ಲಗಿನ್. ನಮ್ಮ ಪೈಟೆಸ್ಟ್ ಪ್ಲಗಿನ್‌ನ ಒಳಗಿನ ಕೋಡನ್ನು ರಿಫ್ಯಾಕ್ಟರ್ ಮಾಡಿದ ಮೇಲೆ ಈ ಎರರ್ ಶುರುವಾಯಿತು. ಸುಮ್ನೆ ಪೈಟೆಸ್ಟ್ ಅಂತ ಓಡಿಸಿದರೆ ಎಲ್ಲ ಪಾಸ್. ‘-ಎನ್ 4’ (ನಾಲ್ಕು ವರ್ಕರ್) ಕೊಟ್ಟರೆ ‘ಡಿಫರೆಂಟ್ ಟೆಸ್ಟ್ಸ್ ವರ್ ಕಲೆಕ್ಟೆಡ್ ಬಿಟ್ವೀನ್ ಜಿಡಬ್ಲ್ಯೂ0 ಅಂಡ್ ಜಿಡಬ್ಲ್ಯೂ1’ ಅಂತ, ಅಂದರೆ ಎರಡು ವರ್ಕರ್‌ಗಳ ಟೆಸ್ಟ್ ಪಟ್ಟಿ ಹೊಂದುತ್ತಿಲ್ಲ ಅಂತ, ನಿಲ್ಲುತ್ತಿತ್ತು. ಅದೂ ಒಮ್ಮೊಮ್ಮೆ ಮಾತ್ರ.

ಕ್ಯಾಶೆ ಅಳಿಸಿದೆ, ವರ್ಕರ್ ಎರಡಕ್ಕೆ ಇಳಿಸಿದೆ, ‘--ಡಿಸ್ಟ್ ಲೋಡ್‌ಫೈಲ್’ (ಒಂದು ಫೈಲಿನ ಟೆಸ್ಟ್‌ಗಳೆಲ್ಲ ಒಂದೇ ವರ್ಕರ್‌ಗೆ) ಹಾಕಿದೆ. ಪ್ರಯೋಜನವಿಲ್ಲ. ‘ಪೈಥಾನ್‌ಹ್ಯಾಶ್‌ಸೀಡ್=0’ (ಸ್ಟ್ರಿಂಗ್ ಹ್ಯಾಶ್ ಪ್ರತಿ ಸಲ ಬದಲಾಗದಂತೆ ಮಾಡುವ ಸೆಟ್ಟಿಂಗ್) ಕೊಟ್ಟಾಗ ಎರರ್ ಮಾಯ. ಅದು ರಿಪೇರಿ ಅಲ್ಲ, ತೇಪೆ. ಆದರೆ ಸುಳಿವು ಸಿಕ್ಕಿದ್ದು ಅಲ್ಲೇ.

ಡೂಪ್ಲಿಕೇಟ್ ಬೇಡ ಅಂತ ಬ್ರೌಸರ್ ಹೆಸರುಗಳ ಲಿಸ್ಟನ್ನು ನಾನೇ ಪೈಥಾನ್‌ನ ‘ಸೆಟ್’ ಆಗಿ (ಒಂದೇ ಹೆಸರು ಎರಡು ಸಲ ಬಾರದ, ಆದರೆ ಕ್ರಮ ಖಚಿತವಿಲ್ಲದ ಗುಂಪು) ಬದಲಿಸಿದ್ದೆ. ಅದು ನೇರ ಪ್ಯಾರಾಮೆಟ್ರೈಸ್‌ಗೆ (ಒಂದೇ ಟೆಸ್ಟನ್ನು ಪ್ರತಿ ಹೆಸರಿಗೂ ಓಡಿಸುವ ಸೌಲಭ್ಯ) ಹೋಗುತ್ತಿತ್ತು. ಎಕ್ಸ್‌ಡಿಸ್ಟ್‌ನಲ್ಲಿ ಪ್ರತಿ ವರ್ಕರ್ ಬೇರೆ ಪ್ರೋಸೆಸ್, ಟೆಸ್ಟ್‌ಗಳನ್ನು ತಾನೇ ಕಲೆಕ್ಟ್ ಮಾಡುತ್ತದೆ. ಪೈಥಾನ್ 3.3ರಿಂದ ಸ್ಟ್ರಿಂಗ್ ಹ್ಯಾಶ್ (ಸೆಟ್‌ನ ಕ್ರಮ ಅವಲಂಬಿಸಿರುವ, ಸ್ಟ್ರಿಂಗ್‌ನಿಂದ ಲೆಕ್ಕಹಾಕುವ ಸಂಖ್ಯೆ) ಪ್ರತಿ ಪ್ರೋಸೆಸ್‌ಗೂ ಬದಲಾಗುತ್ತದೆ. ಹಾಗಾಗಿ ಸೆಟ್‌ನ ಕ್ರಮವೂ ಬೇರೆ. ಹೆಸರು ಮೂರೇ ಇದ್ದದ್ದರಿಂದ ಕೆಲವು ಸಲ ಕ್ರಮ ಹೊಂದಿಬಿಡುತ್ತಿತ್ತು, ಅಷ್ಟೇ.

ಮಾಡಿದ್ದು ಇಷ್ಟು: ಪ್ಯಾರಾಮೆಟ್ರೈಸ್‌ಗೆ ಕೊಡುವ ಜಾಗದಲ್ಲಿ ಸೆಟ್‌ಗೆ, ಹೆಸರುಗಳನ್ನು ಒಂದೇ ಕ್ರಮದಲ್ಲಿ ಜೋಡಿಸುವ ‘ಸಾರ್ಟೆಡ್()’ ಸುತ್ತಿದೆ. ಆಮೇಲೆ ಹ್ಯಾಶ್‌ಸೀಡ್ 1 ಇಟ್ಟು ‘ಪೈಟೆಸ್ಟ್ --ಕಲೆಕ್ಟ್-ಓನ್ಲಿ -ಕ್ಯೂ’ (ಟೆಸ್ಟ್ ಓಡಿಸದೆ ಪಟ್ಟಿ ಮಾತ್ರ ತೋರಿಸುತ್ತದೆ) ಔಟ್‌ಪುಟನ್ನು ಒಂದು ಫೈಲಿಗೆ, 2 ಇಟ್ಟು ಇನ್ನೊಂದಕ್ಕೆ ಹಾಕಿ ಡಿಫ್ ನೋಡಿದೆ. ಕೊನೆಯ ಸಾಲಿನ ಸಮಯ ಬಿಟ್ಟರೆ ಎರಡೂ ಒಂದೇ. ಹ್ಯಾಶ್‌ಸೀಡ್ ಸೆಟ್ಟಿಂಗನ್ನು ಸಿಐ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಫೈಲಿನಿಂದ ತೆಗೆದುಹಾಕಿದೆ.