ಶಾಲೆಯಲ್ಲಿ ಮಗುವಿಗೆ ನೆರವು ಸಿಗ್ತಿಲ್ವಾ? ಬಾಯಲ್ಲಿ ಹೇಳಿದ್ದು ಸಾಕು, ಬರೆದು ಕೊಡಿ

ವಿಶೇಷ ಅಗತ್ಯವುಳ್ಳ ಮಗುವಿಗೆ ಶಾಲೆಯಲ್ಲಿ ಸಿಗಬೇಕಾದ್ದು ಸಿಗದಿದ್ದಾಗ ಅಪ್ಪ-ಅಮ್ಮ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಗೇಟ್ ಹತ್ತಿರ ಜಗಳ, ಇಲ್ಲವೇ ಸುಮ್ನೆ ಟಿಸಿ. ಎರಡಕ್ಕೂ ಮುಂಚೆ ಮಾಡುವ ಕೆಲಸ ಬೇಕಾದಷ್ಟಿದೆ.

ಮೊದಲು ಕ್ಲಾಸ್ ಟೀಚರ್ ಹತ್ತಿರ ಸಮಯ ಕೇಳಿ, ಕೂತು ಮಾತಾಡಿ. 'ಸ್ವಲ್ಪ ಗಮನ ಕೊಡಿ ಮೇಡಂ' ಅಂದರೆ ಅವರು ತಲೆಯಾಡಿಸುತ್ತಾರೆ, ಅಷ್ಟೇ. ಅದರ ಬದಲು 'ಇವನಿಗೆ ಎಡಗಿವಿ ಕೇಳಿಸಲ್ಲ, ಮುಂದಿನ ಬೆಂಚಿನ ಎಡತುದಿಯಲ್ಲಿ ಕೂರಿಸಿ, ಉಕ್ತಲೇಖನ ಕೊಡುವಾಗ ಬೋರ್ಡಿನ ಕಡೆ ತಿರುಗಬೇಡಿ' ಅನ್ನಿ. ಇಷ್ಟು ಬಿಡಿಸಿ ಹೇಳಿದರೆ ಎಷ್ಟೋ ತೊಂದರೆ ಅಲ್ಲೇ ಮುಗಿಯುತ್ತದೆ.

ಮುಗಿಯಲಿಲ್ಲ ಅಂದರೆ ಮುಖ್ಯ ಶಿಕ್ಷಕರಿಗೆ ಅರ್ಜಿ. ಒಂದೇ ಪುಟ ಸಾಕು: ಮಗುವಿನ ತೊಂದರೆ ಏನು, ಏನು ಸಿಗುತ್ತಿಲ್ಲ, ಯಾವಾಗಿನಿಂದ, ನಿಮಗೆ ಏನು ಬೇಕು. ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ವಾದ ಬೇಡ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮುಂದಿನ ಎಲ್ಲ ಬಾಗಿಲುಗಳಲ್ಲೂ ಕೇಳುವುದು ಈ ಕಾಗದವನ್ನೇ.

ಅರ್ಜಿಯಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16 ಮತ್ತು 17ನೇ ಸೆಕ್ಷನ್ ಹೆಸರಿಸಿ. ಮಗುವಿಗೆ ಬೇಕಾದ ಸೌಲಭ್ಯ ಶಾಲೆ ಕೊಡಬೇಕು ಅನ್ನುವ 16ನೆಯದು ಸರ್ಕಾರದ ಮಾನ್ಯತೆ ಇರುವ ಖಾಸಗಿ ಶಾಲೆಗೂ ಅನ್ವಯ. ಹಾಗಾಗಿ 'ನಮ್ಮಲ್ಲಿ ಅಂಥ ಸೌಲಭ್ಯ ಇಲ್ಲ' ಅಂತ ಕೈತೊಳೆದುಕೊಳ್ಳಲು ಅವರಿಗೆ ಬರುವುದಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ 17ರಲ್ಲಿದೆ. ಅಂಗವೈಕಲ್ಯ ಶೇ 40 ಅಥವಾ ಜಾಸ್ತಿ ಎಂದು ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು.

ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿ. ತಾಲ್ಲೂಕಿನಲ್ಲಿ ಈ ಮಕ್ಕಳಿಗೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು (ಬಿಐಇಆರ್‌ಟಿ) ಕೇಳಿಕೊಂಡು ಹೋಗಿ. ಅವರ ಮೇಲೆ ರೇಗಬೇಡಿ, ಪಾಪ. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ, ಆದರೆ ಬಿಐಇಆರ್‌ಟಿಗಳು ನೋಡಿಕೊಳ್ಳಬೇಕಾಗಿರುವುದು ಇಡೀ ತಾಲ್ಲೂಕನ್ನು. ಮಗು ಶಾಲೆಗೆ ಬರಲಾಗದ ಸ್ಥಿತಿಯಲ್ಲಿದ್ದರೆ ಗೃಹಾಧಾರಿತ ಶಿಕ್ಷಣಕ್ಕೂ ಇವರನ್ನೇ ಕೇಳಬೇಕು.

ಬಿಇಒ, ಅವರ ಮೇಲಿರುವ ಜಿಲ್ಲಾ ಉಪನಿರ್ದೇಶಕರು (ಡಿಡಿಪಿಐ) ಇಬ್ಬರೂ ಕದಲದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿದ್ದಾರೆ. ದೂರಿನ ಜೊತೆ ಹಿಂದಿನ ಎಲ್ಲ ಅರ್ಜಿಗಳ ಪ್ರತಿ ಇರಲಿ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಅಧಿಕಾರಿ 3 ತಿಂಗಳಲ್ಲಿ ಕ್ರಮ ಕೈಗೊಳ್ಳಬೇಕು, ಒಪ್ಪದಿದ್ದರೆ ಕಾರಣವನ್ನು ನಿಮಗೂ ತಿಳಿಸಬೇಕು. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ, ಸಹಾಯವಾಣಿ 15100.

ಎಸ್ಸೆಸ್ಸೆಲ್ಸಿ ಮಕ್ಕಳ ಪೋಷಕರು ಮಾತ್ರ ಇಷ್ಟು ನಿಧಾನ ಮಾಡುವಂತಿಲ್ಲ. ಪರೀಕ್ಷಾ ವಿನಾಯಿತಿಯ ಅರ್ಜಿ ಮುಖ್ಯ ಶಿಕ್ಷಕರ ಮೂಲಕವೇ ಮಂಡಳಿಗೆ ಹೋಗಬೇಕು. ಹಾಲ್ ಟಿಕೆಟ್ ಬರುವವರೆಗೆ ಕಾಯಬೇಡಿ, ಹತ್ತನೇ ಕ್ಲಾಸು ಶುರುವಾದ ತಿಂಗಳಲ್ಲೇ ಕೇಳಿ.